ಹೊತ್ತು ಮುಳುಗಿದ ಮೇಲಿನ ಗಂಜಿ

ಮೂಡುಬಿದಿರೆಯಿಂದ ವೇಣೂರಿಗೆ ಹೋಗುವ ದಾರಿಯಲ್ಲಿ, ಬಸ್ಸು ನಿಲ್ಲುವ ಕಟ್ಟೆಯ ಹಿಂದೆ ಪಂಚಾಯತಿನ ಒಂದು ಗ್ರಂಥಾಲಯ ಉಂಟು. ಒಂದೇ ಕೋಣೆ, ನಾಲ್ಕು ಕಪಾಟು, ಮೂರು ಬೆಂಚು. ಅಲ್ಲಿ ಇಪ್ಪತ್ತಾರು ವರ್ಷದಿಂದ ಕೂತಿರುವವರು ಕಮಲಾವತಿಯಮ್ಮ. ಊರಿನವರ ಬಾಯಲ್ಲಿ ಅವರು ಲೈಬ್ರೆರಿ ಟೀಚರ್. ಒಂದು ದಿನವೂ ಪಾಠ ಮಾಡಿದವರಲ್ಲ, ಆದರೆ ನಮ್ಮ ಕಡೆ ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕೂತ ಹೆಂಗಸಿಗೆ ಟೀಚರ್ ಅನ್ನದೆ ಬೇರೆ ಏನು ಹೇಳುವುದು?

ಸಂಜೆ ಐದೂವರೆಗೆ ಅವರು ಬಾಗಿಲಿಗೆ ಬೀಗ ಹಾಕಿಯೇ ಬಿಡುತ್ತಾರೆ. ಯಾರಾದರೂ ಬೆಂಚಿನಲ್ಲಿ ಕೂತು ಪತ್ತೇದಾರಿ ಕಥೆಯ ಒಳ್ಳೆಯ ಜಾಗದಲ್ಲಿದ್ದರೂ ಕೈಯಿಂದ ಪುಸ್ತಕ ತೆಗೆದುಕೊಂಡು, ಕೊಂದವನು ನಾಳೆ ಬೆಳಿಗ್ಗೆಯೂ ಅವನೇ ಆಗಿರುತ್ತಾನೆ, ಈಗ ಏಳಿ ಅನ್ನುತ್ತಾರೆ. ಯಾಕೆ ಅಂತ ಯಾರೂ ಕೇಳುವುದಿಲ್ಲ. ಟೀಚರ್ ಜೈನರು, ಹೊತ್ತು ಮುಳುಗುವ ಮೊದಲು ಮನೆ ಮುಟ್ಟಿ ಉಂಡು ಕೈತೊಳೆಯಬೇಕು. ಹತ್ತನೆಯ ವಯಸ್ಸಿನಲ್ಲಿ ಅಜ್ಜಿಯ ಪಕ್ಕ ನಿಂತು, ಬಸದಿಯಲ್ಲಿ ಕೈಮುಗಿದು ತೆಗೆದುಕೊಂಡ ವ್ರತ ಅದು. ಆಮೇಲೆ ಮದುವೆಯ ದಿನ, ಹೆರಿಗೆಯ ದಿನ, ಜ್ವರ ಹಿಡಿದು ಮಲಗಿದ ದಿನ, ಯಾವತ್ತೂ ಕತ್ತಲಲ್ಲಿ ಒಂದು ತುತ್ತು ಅವರ ಗಂಟಲಿಗೆ ಇಳಿದದ್ದಿಲ್ಲ. ಗಂಡ ಹೇಮರಾಜರು ಊರಿನ ಸಣ್ಣ ಬಸದಿಯನ್ನು ನೋಡಿಕೊಳ್ಳುವವರು, ಅದರ ಬೀಗದ ಕೈ ಇವರ ಅಡಿಗೆಮನೆಯ ಮೊಳೆಯಲ್ಲೇ ನೇತಾಡುತ್ತದೆ. ಅದರ ಪಕ್ಕದ ಕ್ಯಾಲೆಂಡರಿನಲ್ಲಿ ಅವರು ಪ್ರತಿ ದಿನದ ಸೂರ್ಯಾಸ್ತದ ಗಂಟೆ ನಿಮಿಷ ಬರೆದಿಡುತ್ತಿದ್ದರು. ಮೋಡ ಮುಚ್ಚಿದ ದಿನ ಆಕಾಶವನ್ನು ನಂಬಬಾರದು ಅಂತ ಅವರ ವಾದ.

ಮದುವೆಯಾಗಿ ಹನ್ನೆರಡು ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು ತನ್ವಿ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಈ ಹುಡುಗಿ ನಿಜವಾಗಿಯೂ ಮುದ್ದಾಗಿದ್ದಳು. ಬಾಯಿ ಸ್ವಲ್ಪ ಜೋರು, ನಗು ಅದಕ್ಕಿಂತ ಜೋರು. ಎಂಟನೆಯ ವರ್ಷಕ್ಕೆ, ಯಾರೂ ಹೇಳದೆ, ತಾನೂ ರಾತ್ರಿ ಉಣ್ಣುವುದಿಲ್ಲ ಅಂದುಬಿಟ್ಟಳು. ಎರಡು ದಿನದ ಆಟ ಅಂತ ಎಲ್ಲರೂ ನಕ್ಕರು. ಅವಳು ಬಿಡಲಿಲ್ಲ. ಕಾಲೇಜಿನಿಂದ ಪ್ರವಾಸಕ್ಕೆ ಹೋದಾಗ ಬಸ್ಸು ಕೆಟ್ಟು ಮಾಣಿ ಪೇಟೆ ತಲುಪುವಾಗ ಕತ್ತಲಾಗಿತ್ತಂತೆ. ಉಳಿದವರು ಹೋಟೆಲಿನಲ್ಲಿ ಪರೋಟ ತಿನ್ನುವಾಗ ಇವಳು ಒಂದು ಲೋಟ ನೀರು ಮುಂದಿಟ್ಟುಕೊಂಡು ಎಲ್ಲರಿಗೂ ಜೋಕು ಹೇಳುತ್ತಾ ಕೂತಿದ್ದಳಂತೆ. ಈ ಸಂಗತಿಯನ್ನು ಕಮಲಾವತಿಯಮ್ಮ ಲೈಬ್ರೆರಿಗೆ ಬಂದವರಿಗೆಲ್ಲ ಹೇಳಿದರು. ಪೇಪರು ಓದಲು ಬರುವ ಮುದುಕರಿಗೆ ಎರಡೆರಡು ಸಲ ಹೇಳಿದರು. ಮಗಳು ಫಸ್ಟ್ ಕ್ಲಾಸಿನಲ್ಲಿ ಪಾಸಾದದ್ದನ್ನು ಇಷ್ಟು ಹೇಳಲಿಲ್ಲ.

ಎರಡು ವರ್ಷದ ಹಿಂದಿನ ಸೆಪ್ಟೆಂಬರಿನಲ್ಲಿ ತನ್ವಿಗೆ ಜ್ವರ ಬಂತು. ಡೆಂಗಿ ಅಂದರು. ಮೂಡುಬಿದಿರೆಯಲ್ಲಿ ಎರಡು ದಿನ ಮಲಗಿಸಿ ಮಂಗಳೂರಿಗೆ ಕಳಿಸಿದರು. ಅಲ್ಲಿ ನಾಲ್ಕು ದಿನ ಬರೀ ಡ್ರಿಪ್ಪಿನ ಮೇಲಿದ್ದ ಹುಡುಗಿ, ಐದನೆಯ ದಿನ ಸಂಜೆ ಐದು ಗಂಟೆಗೆ ಕಣ್ಣು ಬಿಟ್ಟು, ಅಮ್ಮ ಹಸಿವಾಗ್ತದೆ, ಗಂಜಿ ಉಂಟಾ ಅಂತ ಕೇಳಿದಳು. ಕಮಲಾವತಿಯಮ್ಮನಿಗೆ ಹೋದ ಜೀವ ಬಂದ ಹಾಗಾಯಿತು. ಡಾಕ್ಟರರೂ ಕೊಡಿ ಕೊಡಿ, ಒಳ್ಳೆಯದೇ ಅಂದರು. ಸ್ಟೀಲಿನ ಡಬ್ಬಿ ಹಿಡಿದು ಅವರು ಮೆಟ್ಟಿಲಿಳಿದು ಕ್ಯಾಂಟೀನಿಗೆ ಓಡಿದರು.

ಕ್ಯಾಂಟೀನಿನಲ್ಲಿ ಕುಚ್ಚಲಕ್ಕಿ ಗಂಜಿ ಇತ್ತು, ಹಬೆಯಾಡುತ್ತಿತ್ತು. ಬಡಿಸುವವನು ಮೀನಿನ ಸಾರಿನ ಪಾತ್ರೆಯಲ್ಲಿದ್ದ ಸೌಟನ್ನೇ ತೆಗೆದು, ಒಮ್ಮೆ ನೀರಿನಲ್ಲಿ ಅದ್ದಿ, ಗಂಜಿಗೆ ಹಾಕಿದ. ಕಮಲಾವತಿಯಮ್ಮ ಡಬ್ಬಿಯ ಮುಚ್ಚಳ ಮುಚ್ಚಿ ಬೇಡ ಅಂದರು. ಆಗ ಗಂಟೆ ಐದೂಕಾಲು. ಅವರಿವರನ್ನು ಕೇಳಿ ಎರಡು ರಸ್ತೆ ದಾಟಿ ಒಂದು ಸಸ್ಯಾಹಾರಿ ಹೋಟೆಲು ಹುಡುಕಿದರು. ಅಲ್ಲಿ ಗಂಜಿ ಆಗಿರಲಿಲ್ಲ. ಭಟ್ಟರ ಹತ್ತಿರ ಕೈಮುಗಿದು ಒಂದು ಮುಷ್ಟಿ ಅಕ್ಕಿ ಬೇಯಿಸಲು ಹೇಳಿ ಅಡಿಗೆಮನೆಯ ಬಾಗಿಲಲ್ಲೇ ನಿಂತರು. ಕುಚ್ಚಲಕ್ಕಿಗೆ ನಿಮ್ಮ ಅವಸರ ಗೊತ್ತಾಗುತ್ತದಾ? ಅದು ಬೇಯುವ ಹೊತ್ತಿಗೇ ಬೇಯುವುದು. ಅವರು ವಾರ್ಡಿಗೆ ಮರಳಿ ಬಂದಾಗ ಆರೂ ನಲವತ್ತು. ಹೊತ್ತು ಮುಳುಗಿ ಹತ್ತು ನಿಮಿಷವಾಗಿತ್ತು.

ತನ್ವಿ ಡಬ್ಬಿ ನೋಡಿದಳು. ಕಿಟಕಿ ನೋಡಿದಳು. ಆಮೇಲೆ ಒಮ್ಮೆ ಅಮ್ಮನ ಮುಖ ನೋಡಿದಳು.

"ಕತ್ತಲಾಯ್ತಲ್ಲ ಅಮ್ಮ. ನಾಳೆ ಕೊಡು," ಅಂದಳು.

"ಆಯ್ತು ಮಗಾ, ಬೆಳಿಗ್ಗೆ ಕೊಡ್ತೇನೆ," ಅಂದರು ಕಮಲಾವತಿಯಮ್ಮ.

ಕಾಯಿಲೆ ಬಿದ್ದವರಿಗೆ, ಮಕ್ಕಳಿಗೆ, ಬಸುರಿಗೆ ಈ ವ್ರತದ ಬಿಗಿ ಇಲ್ಲ ಅಂತ ಅವರಿಗೆ ಗೊತ್ತಿತ್ತು. ಬಸದಿಯಲ್ಲಿ ಬೇರೆ ಹೆಂಗಸರಿಗೆ ಅವರೇ ಓದಿ ಹೇಳಿದ್ದರು. ಹಗಲು ಕಂಡ ಬಾವಿಗೆ ಇರುಳು ಬೀಳುವುದು ಅಂದರೆ ಇದೇ ನೋಡಿ. ಆ ಕ್ಷಣದಲ್ಲಿ ಅವರ ಎದೆಯಲ್ಲಿ ಎದ್ದದ್ದು ಹೆದರಿಕೆ ಅಲ್ಲ, ಹೆಮ್ಮೆ. ಈ ಮಾತನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಪಕ್ಕದ ಮಂಚದ ರೋಗಿಯ ತಾಯಿಗೆ ಅವರು, ನೋಡಿ, ಇಷ್ಟು ಸೋತಿದ್ದಾಳೆ, ಆದರೂ ವ್ರತ ಬಿಡುವುದಿಲ್ಲ, ಎಂಟನೆಯ ವಯಸ್ಸಿನಿಂದ ಹೀಗೆಯೇ ಅಂತ ಹೇಳಿದರು. ಮಾಣಿಯ ಹೋಟೆಲಿನ ಕಥೆಯನ್ನೂ ಹೇಳಿದರು. ಗಂಜಿಯ ಡಬ್ಬಿ ತಲೆದೆಸೆಯ ಸ್ಟೂಲಿನ ಮೇಲಿತ್ತು. ಬೆಳಗಿನ ಜಾವ ನಾಲ್ಕು ಗಂಟೆಗೆ ತನ್ವಿಗೆ ಹೊಟ್ಟೆಯೊಳಗೆ ರಕ್ತಸ್ರಾವ ಆಯಿತು, ಐದಕ್ಕೆ ಹುಡುಗಿ ಇರಲಿಲ್ಲ. ಸೂರ್ಯ ಹುಟ್ಟಲು ಇನ್ನೂ ಒಂದೂಕಾಲು ಗಂಟೆ ಇತ್ತು.

ಹೇಮರಾಜರು ಒಳ್ಳೆಯ ಮನುಷ್ಯ. ಅಳುವ ಹೆಂಡತಿಗೆ ಏನು ಹೇಳಬೇಕು ಅಂತ ತಿಳಿಯದೆ ತಾನು ನಂಬಿದ್ದನ್ನೇ ಹೇಳಿದರು. ಜೀವ ಯಾರಿಗೂ ಕಾಯುವುದಿಲ್ಲ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಇನ್ನೊಂದು ಹುಟ್ಟಿಗೆ ಹೋಗಿ ಆಗುತ್ತದೆ, ಅಳುವುದು ಯಾರಿಗೆ? ಆಮೇಲೆ ಸಮಾಧಾನಕ್ಕೆ ಅಂತ ಇನ್ನೊಂದು ಮಾತು ಸೇರಿಸಿದರು: "ಎಲ್ಲಿಯೋ ಒಬ್ಬಳು ತಾಯಿ ಈಗ ಅವಳಿಗೆ ಉಣಿಸ್ತಾ ಇರ್ತಾಳೆ." ಪಾಪ, ಅವರಿಗೆ ಅದರಲ್ಲಿ ನಿಜವಾಗಿಯೂ ನೆಮ್ಮದಿ ಇತ್ತು. ಕಮಲಾವತಿಯಮ್ಮನಿಗೆ ಅದು ಗಾಯದ ಮೇಲೆ ಎಳೆದ ಬರೆ. ತಾನು ಉಣಿಸದೆ ಕಳಿಸಿದ ಮಗುವಿಗೆ ಇನ್ನೊಬ್ಬಳು ಉಣಿಸುತ್ತಾಳೆ. ಆ ಮಗುವಿಗೆ ತನ್ನ ಮುಖದ ನೆನಪೂ ಇಲ್ಲ. ಅಂದಿನಿಂದ ಅವರು ಗಂಡನ ಎದುರು ಮಗಳ ಹೆಸರು ಎತ್ತಲಿಲ್ಲ. ಲೈಬ್ರೆರಿಗೆ ಹೋಗುತ್ತಿದ್ದರು, ಐದೂವರೆಗೆ ಬೀಗ ಹಾಕುತ್ತಿದ್ದರು, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದರು. ಪ್ರತಿ ತುತ್ತಿಗೂ ಆ ಡಬ್ಬಿ ಕಣ್ಣೆದುರು ಬರುತ್ತಿತ್ತು.

ಹೀಗಿರುವಾಗ ಒಂದು ಪುಸ್ತಕ ಬಂತು. ತಂದವರು ದರ್ಜಿ ಅಬ್ದುಲ್ ರವೂಫ್. ಹೆಂಡತಿ ಸಫಿಯಮ್ಮ ತೀರಿಕೊಂಡ ಮೇಲೆ ಹೊಲಿಗೆ ಕಡಿಮೆ ಮಾಡಿ ಓದಲು ಹಿಡಿದ ಮನುಷ್ಯ. ನಾಲ್ಕು ತಿಂಗಳು ಇಟ್ಟುಕೊಂಡಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟು, ತಡವಾಯಿತು ಅಂತ ಒಂದು ಮಾತೂ ಹೇಳದೆ, ಇದನ್ನು ನೀವು ಓದಬೇಕು ಟೀಚರ್ ಅಂದರು. ತೆಳ್ಳಗಿನ ಪುಸ್ತಕ, ರಟ್ಟು ಹರಿದು ಹೋಗಿತ್ತು, ಬರೆದವರ ಹೆಸರಿನ ಪುಟವೂ ಇರಲಿಲ್ಲ. ಅಕ್ಷರದ ಅಚ್ಚು ನೋಡಿದರೆ ಐವತ್ತು ಅರವತ್ತು ವರ್ಷ ಹಳತು.

ಕಥೆ ದೊಡ್ಡದೇನಲ್ಲ. ಒಬ್ಬಳು ಮುದುಕಿ ಸಾಯುತ್ತಾಳೆ. ಎದ್ದರೆ ಒಂದು ಊರು. ಸತ್ತವರೆಲ್ಲ ಅಲ್ಲಿ ಇದ್ದಾರೆ. ಬಟ್ಟೆ ಒಗೆಯುತ್ತಾರೆ, ಜಗಲಿ ಸಾರಿಸುತ್ತಾರೆ, ಬೇಲಿಯ ಬದಿಯಲ್ಲಿ ನಿಂತು ಮಾತಾಡುತ್ತಾರೆ, ತಮ್ಮವರು ಬರುವ ತನಕ ಕಾಯುತ್ತಾರೆ. ಆ ಊರಿನಲ್ಲಿ ಯಾವಾಗಲೂ ಸಂಜೆ ಐದು ಗಂಟೆಯ ಬಿಸಿಲು. ಹೊತ್ತು ಅಲ್ಲಿ ಮುಳುಗುವುದೇ ಇಲ್ಲ. ಭೂಮಿಯಲ್ಲಿ ಉಳಿದವರು ನೆನೆದು ಬಡಿಸಿದ್ದು ಅಲ್ಲಿ ಅವರವರ ತಟ್ಟೆಗೆ ಬರುತ್ತದೆ, ಬಿಸಿ ಆರುವ ಮೊದಲು. ಅಷ್ಟೇ ಕಥೆ. ಜಗಳ ಇಲ್ಲ, ಶಿಕ್ಷೆ ಇಲ್ಲ, ದೇವರು ಸಹ ಎಲ್ಲಿಯೂ ಎದುರು ಬಂದು ನಿಲ್ಲುವುದಿಲ್ಲ.

ಕಮಲಾವತಿಯಮ್ಮ ಅದನ್ನು ಒಂದೇ ಕೂತಲ್ಲಿ ಓದಿದರು. ಆ ದಿನ ಬೀಗ ಹಾಕುವಾಗ ಆರೂಕಾಲು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಸಂಜೆ ಐದು ಗಂಟೆ ಅಂದರೆ ಯಾವ ಗಂಟೆ ಅಂತ ಅವರಿಗಲ್ಲದೆ ಇನ್ಯಾರಿಗೆ ಗೊತ್ತು? ಮಗಳು ಗಂಜಿ ಉಂಟಾ ಅಂತ ಕೇಳಿದ ಗಂಟೆ ಅದೇ. ಹೊತ್ತು ಮುಳುಗದ ಊರಿನಲ್ಲಿ ಅವಳಿಗೆ ಇನ್ನೂ ಉಣ್ಣಬಹುದು, ಇಲ್ಲಿಂದ ಬಡಿಸುವವರು ಬೇಕು ಅಷ್ಟೇ. ಪುಸ್ತಕದ ಮಾತು ಅಂತ ಗೊತ್ತಿಲ್ಲದೆ ಅಲ್ಲ. ಜೀವನವಿಡೀ ಪುಸ್ತಕಗಳ ನಡುವೆ ಕೂತವರು. ಆದರೆ ಮುಳುಗುವವನು ಹುಲ್ಲುಕಡ್ಡಿ ಹಿಡಿಯುವಾಗ ಅದು ಹುಲ್ಲು ಅಂತ ಅವನಿಗೂ ಗೊತ್ತಿರುತ್ತದೆ.

ಬಡಿಸುವುದು ಹೇಗೆ ಅಂತ ಕೇಳಲು ಅವರು ಪಕ್ಕದ ಮನೆಯ ಜಲಜಾಕ್ಷಿಯ ಹತ್ತಿರ ಹೋದರು. ಜಲಜಾಕ್ಷಿ ತುಳುವರ ಮನೆಯ ಹೆಂಗಸು, ಇವರಿಗಿಂತ ಹತ್ತು ವರ್ಷ ಸಣ್ಣವಳು. ತನ್ವಿಯನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಅವರಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರನ್ನು ಮನೆಗೆ ಕರೆದು ಎಲೆ ಹಾಕಿ ಬಡಿಸುವ ಕ್ರಮ ಉಂಟು. ಸತ್ತವರಿಗೆ ಅವರು ಕುಲೆ ಅನ್ನುವುದು. ಹೆದರಿ ಹೇಳುವ ಮಾತಲ್ಲ, ಮನೆಯವರನ್ನು ನೆನೆಯುವ ಮಾತು. ತನ್ವಿಗೂ ನಿಮ್ಮ ಮನೆಯಲ್ಲೇ ಒಂದು ಎಲೆ ಹಾಕಬಹುದಾ ಅಂತ ಕಮಲಾವತಿಯಮ್ಮ ಕೇಳಿದರು. ಜಲಜಾಕ್ಷಿ ಅವರ ಕೈ ಹಿಡಿದುಕೊಂಡಳು. ಬೇರೆ ಮನೆಯವರು ನಮ್ಮ ಎಲೆಗೆ ಕೂರುವುದಿಲ್ಲ ಕಮಲಕ್ಕ, ನಿಮ್ಮ ಮನೆಯಲ್ಲೇ ಆಗಬೇಕು, ನಾನು ಬಂದು ಹೇಳಿಕೊಡ್ತೇನೆ ಅಂದಳು. ಕತ್ತಲಾದ ಮೇಲೆಯೇ ಬಡಿಸಬೇಕು, ಬೆಳಕಿರುವಾಗ ಅವರು ಅಂಗಳಕ್ಕೆ ಸಹ ಸುಳಿಯುವುದಿಲ್ಲ ಅಂತಲೂ ಹೇಳಿದಳು. ಕತ್ತಲು ಅಂದ ಕೂಡಲೇ ಕಮಲಾವತಿಯಮ್ಮ ಬೇಡ ಅಂತ ಏಳಲು ಹೊರಟರು. ಆಮೇಲೆ ಪುಸ್ತಕದ ಊರು ನೆನಪಾಯಿತು. ಇಲ್ಲಿ ಎಷ್ಟು ಗಂಟೆಯಾದರೂ ಮಗಳಿಗೆ ಅಲ್ಲಿ ಐದೇ ಗಂಟೆ ಅಂತ ಲೆಕ್ಕ ಹಾಕಿ ಒಪ್ಪಿದರು.

ಅವಕಾಶವೂ ತಾನಾಗಿ ಬಂತು. ಅದೇ ಆಟಿಯಲ್ಲಿ, ಚಾತುರ್ಮಾಸಕ್ಕೆ ಕಾರ್ಕಳದ ಕಡೆ ಕುಳಿತ ಮುನಿಗಳ ಪ್ರವಚನ ಕೇಳಲು ಹೇಮರಾಜರು ಒಂದು ರಾತ್ರಿಯ ಮಟ್ಟಿಗೆ ಹೋದರು. ಅವರಂಥ ಜೈನರ ಮನೆಯಲ್ಲಿ ಕುಲೆಗೆ ಎಲೆ ಹಾಕುವುದು ಅಂದರೆ ಸಣ್ಣ ಮಾತಲ್ಲ. ಗಂಡನಿಗೆ ತಿಳಿಯದೆ ಒಂದು ಕೆಲಸ ಮಾಡುವುದೂ ಕಮಲಾವತಿಯಮ್ಮನಿಗೆ ಇದೇ ಮೊದಲು. ಆ ಸಂಜೆ ಅವರು ತಾನು ಉಣ್ಣಲಿಲ್ಲ. ಹೊತ್ತು ಮುಳುಗುವ ಮೊದಲು ಎಲ್ಲ ಬೇಯಿಸಿ ಒಲೆ ಆರಿಸಿದರು: ಕುಚ್ಚಲಕ್ಕಿ ಗಂಜಿ, ತೋಡಿನ ಬದಿಯಿಂದ ಕಿತ್ತು ತಂದ ತಿಮರೆ ಸೊಪ್ಪಿನ ಚಟ್ನಿ, ಒಂದು ಮಿಡಿ ಉಪ್ಪಿನಕಾಯಿ. ತನ್ವಿಯ ಸ್ಟೀಲಿನ ಬಟ್ಟಲನ್ನು ಎರಡು ವರ್ಷದ ಮೇಲೆ ಕಪಾಟಿನಿಂದ ಹೊರಗೆ ತೆಗೆದರು. ಅದರ ತಳದಲ್ಲಿ ಮೊಳೆಯಿಂದ ಗೀಚಿದ ಅವಳ ಹೆಸರು ಇತ್ತು.

ಏಳೂಕಾಲಿಗೆ ಜಲಜಾಕ್ಷಿ ಬಂದಳು. ಪಡಸಾಲೆಯಲ್ಲಿ ಎಲೆ ಹಾಕಿ, ಬಟ್ಟಲಿಗೆ ಗಂಜಿ ಬಡಿಸಿ, ಪಕ್ಕದಲ್ಲಿ ನೀರಿಟ್ಟು ದೀಪ ಹಚ್ಚಿದರು. ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆಯಿರಿ ಅಂದಳು ಜಲಜಾಕ್ಷಿ. ಕಮಲಾವತಿಯಮ್ಮ ಬಾಗಿಲಿಗೆ ಬಂದು ನಿಂತರು. ತನ್ವಿ, ಊಟಕ್ಕೆ ಬಾ ಮಗಾ ಅಂತ ಕರೆದರು, ಅವಳು ಅಂಗಳದಲ್ಲಿ ಆಡುತ್ತಿದ್ದಾಗ ಕರೆಯುತ್ತಿದ್ದ ಅದೇ ಸ್ವರದಲ್ಲಿ. ಆಮೇಲೆ ಬಾಗಿಲು ಎಳೆದುಕೊಂಡು ಇಬ್ಬರೂ ಹೊರಗೆ ಜಗಲಿಯಲ್ಲಿ ಕೂತರು. ಒಬ್ಬರು ನಿಧಾನಕ್ಕೆ ಉಂಡು ಏಳುವಷ್ಟು ಹೊತ್ತು ಒಳಗೆ ಯಾರೂ ಇಣುಕಬಾರದು. ಕಮಲಾವತಿಯಮ್ಮ ಕಿವಿಯೆಲ್ಲ ಬಾಗಿಲಿಗೆ ಕೊಟ್ಟು ಕೂತಿದ್ದರು. ಬಟ್ಟಲು ಅಲುಗಿದ ಸದ್ದಾದರೂ ಬಂದೀತು ಅಂತ ಆಸೆ. ಯಾವ ಸದ್ದೂ ಬರಲಿಲ್ಲ.

ಬಾಗಿಲು ತಟ್ಟಿ ಒಳಗೆ ಹೋದರೆ ದೀಪ ಉರಿಯುತ್ತಿತ್ತು. ಗಂಜಿಯ ಮೇಲೆ ತೆಳ್ಳಗೆ ಕೆನೆ ಕಟ್ಟಿತ್ತು, ಬೇರೇನೂ ಬದಲಾಗಿರಲಿಲ್ಲ. ಅವರು ತಿನ್ನುವುದು ಹೀಗೆಯೇ ಅಕ್ಕ, ರುಚಿ ಮಾತ್ರ ತೆಗೆದುಕೊಳ್ಳುವುದು ಅಂದಳು ಜಲಜಾಕ್ಷಿ. ಆಮೇಲೆ, ತನ್ನ ಮನೆಯಲ್ಲಿ ಪ್ರತಿ ವರ್ಷ ಹೇಳುವ ಮಾತನ್ನು ಯೋಚಿಸದೆ ಹೇಳಿಬಿಟ್ಟಳು.

"ಇನ್ನು ಈ ಎಲೆಯದ್ದನ್ನು ನೀವು ಉಣ್ಣಬೇಕು ಕಮಲಕ್ಕ. ಮನೆಯವರು ಉಂಡರೆ ಮಾತ್ರ ಅವರಿಗೆ ಹೊಟ್ಟೆ ತುಂಬುವುದು. ಇಲ್ಲದಿದ್ದರೆ ಹಸಿದೇ ಹೋಗ್ತಾರೆ."

ಹೇಳಿದ ಮೇಲೆ ಅವಳಿಗೆ ಅರ್ಥವಾಯಿತು. ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಗೋಡೆ ಗಡಿಯಾರದಲ್ಲಿ ಏಳೂ ನಲವತ್ತು. ನಾನು ಮೊದಲೇ ಹೇಳಬೇಕಿತ್ತು, ನಮಗೆ ಅದು ಅಭ್ಯಾಸ, ತಲೆಗೇ ಹೋಗಲಿಲ್ಲ, ನಿಮ್ಮ ಬದಲು ನಾನು ತಿಂದರೆ ಆದೀತೋ ಏನೋ ಅಂತ ಏನೇನೋ ತೊದಲಿದಳು. ಕಮಲಾವತಿಯಮ್ಮ ಅವಳ ಕಡೆ ನೋಡಲೂ ಇಲ್ಲ. ಅವರ ಕಣ್ಣು ಬಟ್ಟಲ ಮೇಲಿತ್ತು. ಮತ್ತೆ ಅದೇ ಗಂಜಿ, ಅದೇ ಕತ್ತಲು, ಅದೇ ಮಗಳು. ಐವತ್ತು ವರ್ಷದ ವ್ರತ ಒಂದು ಕಡೆ, ಹಸಿದು ಹೋಗುವ ಮಗು ಇನ್ನೊಂದು ಕಡೆ. ಇನ್ನೊಮ್ಮೆ ಅವಳನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವ ಶಕ್ತಿ ಅವರಿಗಿರಲಿಲ್ಲ.

ಎಲೆಯ ಮುಂದೆ ಕೂತು ಬಟ್ಟಲನ್ನು ಎತ್ತಿ ಬಾಯಿಗಿಟ್ಟರು.

ಮೊದಲ ಗುಟುಕು ಬಾಯಲ್ಲಿ ಇಟ್ಟುಕೊಂಡು ಕಾದರು. ಏನೋ ಆಗುತ್ತದೆ ಅಂತ ಅವರಿಗೆ ಖಂಡಿತ ಇತ್ತು. ಗಂಟಲು ಮುಚ್ಚೀತು, ವಾಂತಿಯಾದೀತು, ಒಳಗೆ ಏನೋ ಒಂದು ಮುರಿದು ಬಿದ್ದೀತು. ಗಂಜಿ ಇಳಿಯಿತು. ಉಪ್ಪು ಒಂದು ಹರಳು ಕಡಿಮೆ ಆಗಿತ್ತು. ಎರಡನೆಯ ಗುಟುಕೂ ಇಳಿಯಿತು, ಚಟ್ನಿಯೂ ಇಳಿಯಿತು. ಬೆಳಿಗ್ಗೆ ಉಣ್ಣುವ ಗಂಜಿಯ ರುಚಿಯೇ ಇದಕ್ಕೂ ಇತ್ತು. ಸಂಜೆ ಉಣ್ಣದೆ ಇದ್ದ ಹೊಟ್ಟೆ, ನಾಚಿಕೆಯಿಲ್ಲದೆ, ಇನ್ನೂ ಬೇಕು ಅಂದಿತು. ಅವರು ಬಟ್ಟಲು ಬರಿದಾಗುವ ತನಕ ಉಂಡರು, ತಳದ ಹೆಸರು ಕಾಣುವ ತನಕ.

ಆಗ ಅವರಿಗೆ ಆ ನೋಟ ನೆನಪಾಯಿತು. ಡಬ್ಬಿ ನೋಡಿ, ಕಿಟಕಿ ನೋಡಿ, ಮಾತಾಡುವ ಮೊದಲು ಮಗಳು ಒಮ್ಮೆ ತನ್ನ ಮುಖ ನೋಡಿದ್ದಳು. ಎರಡು ವರ್ಷ ಅವರು ಅದನ್ನು ಗಟ್ಟಿ ಮನಸ್ಸಿನ ಹುಡುಗಿಯ ನೋಟ ಅಂದುಕೊಂಡಿದ್ದರು. ಅದು ಕೇಳುವ ನೋಟ. ಪರವಾಗಿಲ್ಲ ಉಣ್ಣು ಮಗಾ ಅಂತ ಅಮ್ಮ ಹೇಳುತ್ತಾಳಾ ಅಂತ ಕಾದ ನೋಟ. ಅಮ್ಮ ಹೇಳದ್ದರಿಂದ, ಅಮ್ಮನಿಗೆ ಇಷ್ಟವಾಗುವ ಮಾತನ್ನು ತಾನೇ ಹೇಳಿದಳು. ಕಮಲಾವತಿಯಮ್ಮ ಖಾಲಿ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು, ಎಷ್ಟೋ ದಿನದಿಂದ ಅಳದಿದ್ದವರು, ಜೋರಾಗಿ ಅತ್ತರು. ಮಗಳು ಬಂದು ಉಂಡ ತೃಪ್ತಿಗೆ ಅಳುತ್ತಿದ್ದಾರೆ ಅಂದುಕೊಂಡು ಜಲಜಾಕ್ಷಿಯೂ ಜೊತೆಗೆ ಅತ್ತಳು. ಅವಳಿಗೆ ಹಾಗಲ್ಲ ಅಂತ ಹೇಳುವವರು ಯಾರು?

ಮರುದಿನ ಬೆಳಿಗ್ಗೆ ಹೇಮರಾಜರು ಬಂದು ಅಂಗಳದಲ್ಲಿ ಕೊಡೆ ಮಡಚುವ ಮೊದಲೇ ಕಮಲಾವತಿಯಮ್ಮ ಎಲ್ಲವನ್ನೂ ಹೇಳಿಬಿಟ್ಟರು. ಪುಸ್ತಕ, ಎಲೆ, ಏಳೂ ನಲವತ್ತರ ಗಂಜಿ. ಕ್ಯಾಂಟೀನಿನ ಸೌಟಿನ ವಿಷಯ ಅವರಿಗೆ ಇಷ್ಟರ ತನಕ ಗೊತ್ತಿರಲಿಲ್ಲ, ಅದನ್ನೂ ಹೇಳಿದರು. ಬೈಯುತ್ತಾರೆ, ಪ್ರಾಯಶ್ಚಿತ್ತದ ಮಾತು ತೆಗೆಯುತ್ತಾರೆ ಅಂತ ಕಾದರು. ಹೇಮರಾಜರು ಜಗಲಿಯಲ್ಲಿ ಕೂತು ತನ್ನ ಒದ್ದೆ ಪಾದಗಳನ್ನು ಒರೆಸಿಕೊಂಡರು. ಐವತ್ತು ವರ್ಷದ ಮೇಲೆ ಕತ್ತಲಲ್ಲಿ ಉಂಡ ಹೆಂಡತಿಯ ಬಗ್ಗೆ ಅವರಿಗೆ ಚಿಂತೆಯಾಯಿತು.

"ರಾತ್ರಿ ಹೊಟ್ಟೆಗೆ ಏನಾದರೂ ಆಯಿತಾ?" ಅಂತ ಕೇಳಿದರು.

"ಏನೂ ಆಗಲಿಲ್ಲ," ಅಂದರು ಕಮಲಾವತಿಯಮ್ಮ. "ಅದೇ ನೋಡಿ. ಏನೂ ಆಗಲಿಲ್ಲ."